ಪ್ಲಾಸ್ಟಿಕ್ ನಾರು ಹಾಕಿದರೆ ಕಬ್ಬಿಣ ಉಳಿಸಬಹುದಾ?

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಹಳೇ ಪ್ಲಾಸ್ಟಿಕ್‌ನಿಂದ ಮಾಡಿದ ನಾರನ್ನು ಕಾಂಕ್ರೀಟಿಗೆ ಬೆರೆಸಿದರೆ ಗಟ್ಟಿ ಬರುತ್ತದೆ ಅಂತಾರೆ. ಮೋಲ್ಡಿಗೆ ಕಬ್ಬಿಣ ಕಡಿಮೆ ಹಾಕಬಹುದಾ?

ದಯವಿಟ್ಟು ಬೇಡ. ಮೋಲ್ಡು, ಬೀಮು, ಕಂಬದ ಕಬ್ಬಿಣಕ್ಕೆ ಕೈ ಹಾಕಲೇಬೇಡಿ. ನಾರಿನ ಕೆಲಸವೇ ಬೇರೆ.

ಬಿರುಬಿಸಿಲಲ್ಲಿ ನೆಲಕ್ಕೆ ಕಾಂಕ್ರೀಟ್ ಹಾಕಿ, ಎರಡು ಮೂರು ಗಂಟೆ ಬಿಟ್ಟು ಬಗ್ಗಿ ನೋಡಿ. ಮೇಲಿನ ನೀರಿನ ಹೊಳಪು ಹೋಗಿರುತ್ತದೆ. ಅಲ್ಲಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಎದ್ದಿರುತ್ತದೆ. ಮೇಲ್ಪದರ ಬೇಗ ಆರಿ ಕುಗ್ಗಿತು, ಕಾಂಕ್ರೀಟಿಗೆ ಇನ್ನೂ ಕಸುವು ಬಂದಿರಲಿಲ್ಲ, ಸೀಳಿತು. ಸಣ್ಣ ನಾರು ಹಿಡಿದು ನಿಲ್ಲಿಸುವುದು ಈ ಬಿರುಕನ್ನು. ಹಿಂದೆ ಗೋಡೆಯ ಮಣ್ಣಿಗೆ ಹುಲ್ಲು ಹಾಕಿ ತುಳಿಯುತ್ತಿದ್ದರಲ್ವಾ, ಅದೂ ಇದಕ್ಕೇ.

ಮೋಲ್ಡಿನ ಕಥೆ ಹಾಗಲ್ಲ. ಭಾರಕ್ಕೆ ಅದು ಬಾಗಿದಾಗ ನಡುವಿನ ತಳಭಾಗ ಎಳೆತಕ್ಕೆ ಸಿಕ್ಕುತ್ತದೆ. ಕಾಂಕ್ರೀಟು ಒತ್ತಿದರೆ ತಡೆಯುತ್ತದೆ, ಎಳೆದರೆ ಸೀಳುತ್ತದೆ. ಅದಕ್ಕೇ ಅಲ್ಲಿ ಸರಳು. ಈ ನಾರಿಗೆ ಉಕ್ಕಿನ ಬಿಗಿಯಲ್ಲಿ ಹತ್ತರಲ್ಲೊಂದು ಪಾಲೂ ಇಲ್ಲ.

ಹಾಗಂತ ಕಬ್ಬಿಣದ ಬದಲು ಎಲ್ಲೂ ನಡೆಯುವುದಿಲ್ಲ ಅಂತಲ್ಲ. ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಸಂಶೋಧಕರು ಕಾರ್ಖಾನೆಗಳ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ತ್ಯಾಜ್ಯದಿಂದ ದಪ್ಪ ನಾರು ಮಾಡಿ, ಫುಟ್‌ಪಾತ್ ಕಾಂಕ್ರೀಟಿನಲ್ಲಿ ಕಬ್ಬಿಣದ ಜಾಲರಿಯ ಬದಲು ಬಳಸಿದ್ದಾರೆ. ಫುಟ್‌ಪಾತ್‌ಗೆ ಉದ್ದಕ್ಕೂ ನೆಲದ ಆಸರೆ ಇದೆ. ನಿಮ್ಮ ತಲೆ ಮೇಲಿನ ಮೋಲ್ಡಿಗೆ ಅದಿಲ್ಲ.

ಮನೆಯಲ್ಲಿ ನೀರಿನ ಬಾಟಲಿ ಕತ್ತರಿಸಿ ಹಾಕುವ ಯೋಚನೆಯನ್ನೂ ಬಿಡಿ. ನುಣುಪಾದ ಪಟ್ಟಿಯನ್ನು ಸಿಮೆಂಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಸಾಲದ್ದಕ್ಕೆ ಕಾಂಕ್ರೀಟಿನೊಳಗಿನ ಕ್ಷಾರ ಬಾಟಲಿ ಪ್ಲಾಸ್ಟಿಕ್ಕನ್ನು ನಿಧಾನವಾಗಿ ತಿನ್ನುತ್ತದೆ. ಪಾಲಿಪ್ರೊಪಿಲೀನ್ ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ನೆಲಕ್ಕೆ, ಪ್ಲಾಸ್ಟರಿಗೆ ಮಾತ್ರ ಖಂಡಿತ ಹಾಕಿ. ಸಣ್ಣ ನಾರು ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 1 ಕೆಜಿ ಸಾಕು. ಅಷ್ಟು ಕಾಂಕ್ರೀಟಿನ ತೂಕವೇ ಸುಮಾರು 2,400 ಕೆಜಿ! ಜಾಸ್ತಿ ಹಾಕಿದರೆ ಉಂಡೆ ಕಟ್ಟುತ್ತದೆ, ಕಲಸಿದ್ದು ಬಿರುಸಾಗುತ್ತದೆ. ಆಗ ಕೆಲಸದವರು ಇನ್ನೊಂದು ಬಕೆಟ್ ನೀರು ಸುರಿಯಲು ಹೋಗುತ್ತಾರೆ, ಅಲ್ಲೇ ತಡೆಯಿರಿ. ಆ ನೀರಿನಿಂದ ಕಾಂಕ್ರೀಟೇ ಸಪ್ಪೆಯಾಗುತ್ತದೆ. ಮತ್ತೆ, ನಾರು ಹಾಕಿದ್ದೇವಲ್ಲ ಅಂತ ಕ್ಯೂರಿಂಗ್ ತಪ್ಪಿಸಬೇಡಿ. ಗೋಣಿಚೀಲ ಹೊದಿಸಿ, ಏಳು ದಿನವಾದರೂ ಒದ್ದೆ ಆರದ ಹಾಗೆ ನೋಡಿಕೊಳ್ಳಿ.