ಗಿಡದಲ್ಲಿಲ್ಲದ ಕೊಲಾಜೆನ್: ಸಸ್ಯಾಹಾರಿಗಳಿಗೆ ಬೇಕಾದದ್ದೇನು?

ಮಂಡಿನೋವಿನಿಂದ ಬಳಲುತ್ತಿರುವ ನಮ್ಮ ಅತ್ತಿಗೆ ಕಳೆದ ತಿಂಗಳು ಔಷಧಿ ಅಂಗಡಿಯಿಂದ ಒಂದು ಡಬ್ಬಿ ತಂದಿದ್ದರು. ಅದರ ಮುಂಭಾಗದಲ್ಲಿ ‘ವೀಗನ್ ಕೊಲಾಜೆನ್’, ಎಂದರೆ ಪ್ರಾಣಿಮೂಲದ್ದೇನೂ ಇಲ್ಲದ ಕೊಲಾಜೆನ್, ಎಂಬ ದೊಡ್ಡ ಅಕ್ಷರಗಳಿದ್ದವು, ಮೂಲೆಯಲ್ಲಿ ಹಸಿರು ಚುಕ್ಕೆಯಿತ್ತು. ಹಿಂಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಾಗ ಗ್ಲೈಸಿನ್, ಪ್ರೋಲಿನ್, ಲೈಸಿನ್, ನೆಲ್ಲಿಕಾಯಿ ಸಾರ, ಬಿದಿರಿನ ಸಾರ, ಬಯೋಟಿನ್ ಎಂಬ ಹೆಸರುಗಳು ಸಿಕ್ಕವು. ಕೊಲಾಜೆನ್ ಮಾತ್ರ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ‘ಹಾಗಾದರೆ ಇದು ಮೋಸವೇ?’ ಎಂದು ಅವರು ಕೇಳಿದರು. ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸಬೇಕಾದರೆ ಕೊಲಾಜೆನ್ ಎಂದರೇನು, ದೇಹ ಅದನ್ನು ಹೇಗೆ ಕಟ್ಟುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ನಮ್ಮ ದೇಹದಲ್ಲಿರುವ ಒಟ್ಟು ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಕೊಲಾಜೆನ್. ಚರ್ಮ, ಮೂಳೆ, ಮೃದ್ವಸ್ಥಿ, ಸ್ನಾಯುಗಳನ್ನು ಮೂಳೆಗೆ ಬಿಗಿಯುವ ಹುರಿಗಳು, ರಕ್ತನಾಳಗಳ ಗೋಡೆ, ಇವೆಲ್ಲಕ್ಕೂ ಬಿಗಿ ಬರುವುದು ಅದರಿಂದ. ಕಾಲು ಸೂಪು ಆರಿದ ಮೇಲೆ ಪಾತ್ರೆಯಲ್ಲಿ ಹೆಪ್ಪುಗಟ್ಟಿ ಅಲುಗಾಡುವುದನ್ನು ಕಂಡವರು ಕೊಲಾಜೆನ್ನನ್ನು ಕಂಡಂತೆಯೇ: ದೀರ್ಘ ಕಾಲ ಕುದಿಸಿದಾಗ ಅದು ಬಿಚ್ಚಿಕೊಂಡು ಜೆಲಟಿನ್ ಆಗುತ್ತದೆ. ಅದೇ ಜೆಲಟಿನ್ನನ್ನು ಕಿಣ್ವಗಳಿಂದ ಇನ್ನಷ್ಟು ಸಣ್ಣದಾಗಿ ತುಂಡರಿಸಿ ಒಣಗಿಸಿದರೆ ಅಂಗಡಿಯಲ್ಲಿ ಸಿಗುವ ಕೊಲಾಜೆನ್ ಪುಡಿ ಸಿದ್ಧ. ಅದರ ಮೂಲ ದನದ ಚರ್ಮ, ಹಂದಿಯ ಚರ್ಮ, ಇಲ್ಲವೇ ಮೀನಿನ ಚರ್ಮ ಮತ್ತು ಹುರುಪೆ. ಕೊಲಾಜೆನ್ ತಯಾರಿಸುವ ಸಸ್ಯ ಒಂದೂ ಇಲ್ಲ. ಅದು ಪ್ರಾಣಿಗಳ ಸೊತ್ತು.

ಈ ಪ್ರೋಟೀನಿನ ರಚನೆಯನ್ನು ಬಿಡಿಸಿದವರು ನಮ್ಮವರು ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್ ಅವರು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ, ಗೋಪಿನಾಥ್ ಕರ್ತಾ ಅವರೊಂದಿಗೆ ಸೇರಿ, ಕೊಲಾಜೆನ್ ಮೂರು ಎಳೆಗಳ ಸುರುಳಿ ಎಂದು 1954ರಲ್ಲಿ ಪ್ರಕಟಿಸಿದರು. ಮರುವರ್ಷ ಆ ಮಾದರಿಯನ್ನು ಇನ್ನಷ್ಟು ತಿದ್ದಿದರು. ಒಂದೊಂದು ಎಳೆಯಲ್ಲಿಯೂ ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳು ಸುಮಾರು 1,000 ಇರುತ್ತವೆ. ಮೂರು ಎಳೆಗಳು ಜಡೆ ಹೆಣೆದಂತೆ ಒತ್ತಾಗಿ ಸುತ್ತಿಕೊಳ್ಳುವುದರಿಂದ ನಡುವೆ ಜಾಗವೇ ಉಳಿಯುವುದಿಲ್ಲ. ಅಲ್ಲಿ ಹಿಡಿಯುವುದು ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದಾದ ಗ್ಲೈಸಿನ್ ಮಾತ್ರ. ಆದುದರಿಂದ ಪ್ರತಿ ಮೂರನೆಯ ಸ್ಥಾನದಲ್ಲಿ ತಪ್ಪದೆ ಗ್ಲೈಸಿನ್ ಇರುತ್ತದೆ. ಉಳಿದ ಸ್ಥಾನಗಳಲ್ಲಿ ಹೆಚ್ಚಾಗಿ ಕಾಣುವವು ಪ್ರೋಲಿನ್ ಮತ್ತು ಅದರ ಮಾರ್ಪಟ್ಟ ರೂಪವಾದ ಹೈಡ್ರಾಕ್ಸಿಪ್ರೋಲಿನ್.

ಸಸ್ಯಾಹಾರಿಗಳ ಪ್ರಶ್ನೆಗೆ ಉತ್ತರ ಅಡಗಿರುವುದು ಈ ಹೈಡ್ರಾಕ್ಸಿಪ್ರೋಲಿನ್‌ನಲ್ಲಿಯೇ. ಪ್ರೋಟೀನುಗಳನ್ನು ಹೆಣೆಯಲು ನಮ್ಮ ವಂಶವಾಹಿಗಳಲ್ಲಿರುವ ಸಂಕೇತಲಿಪಿಯಲ್ಲಿ ಹೈಡ್ರಾಕ್ಸಿಪ್ರೋಲಿನ್‌ಗೆ ಅಕ್ಷರವೇ ಇಲ್ಲ. ಜೀವಕೋಶವು ಮೊದಲು ಸಾಮಾನ್ಯ ಪ್ರೋಲಿನ್ ಬಳಸಿ ಎಳೆಯನ್ನು ಹೆಣೆಯುತ್ತದೆ. ಆಮೇಲೆ ಒಂದು ಕಿಣ್ವ ಬಂದು ಆಯ್ದ ಪ್ರೋಲಿನ್‌ಗಳಿಗೆ ಆಮ್ಲಜನಕದ ಪರಮಾಣುವೊಂದನ್ನು ಕೂಡಿಸುತ್ತದೆ. ಹೀಗಾಗಿ ನಾವು ತಿಂದ ಹೈಡ್ರಾಕ್ಸಿಪ್ರೋಲಿನ್ ನೇರವಾಗಿ ಹೋಗಿ ನಮ್ಮ ಚರ್ಮದ ಕೊಲಾಜೆನ್‌ನಲ್ಲಿ ಕುಳಿತುಕೊಳ್ಳಲಾರದು. ದನದ ಕೊಲಾಜೆನ್ ತಿಂದವರ ದೇಹವೂ, ತೊಗರಿಬೇಳೆ ತಿಂದವರ ದೇಹವೂ ಈ ಕೆಲಸವನ್ನು ಮೊದಲಿನಿಂದಲೇ ಮಾಡಬೇಕು.

ಆ ಕಿಣ್ವದ ಎದೆಯಲ್ಲಿ ಕಬ್ಬಿಣದ ಒಂದು ಪರಮಾಣುವಿದೆ, ಅದನ್ನು ಕೆಲಸಕ್ಕೆ ಸಿದ್ಧವಾಗಿಡುವುದು ವಿಟಮಿನ್ ಸಿ. ಪ್ರೋಲಿನ್‌ಗಳಿಗೆ ಆಮ್ಲಜನಕ ಕೂಡದಿದ್ದರೆ ಮೂರೆಳೆಯ ಸುರುಳಿ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಬಿಚ್ಚಿಹೋಗುತ್ತದೆ. ನಮ್ಮ ದೇಹದ ಉಷ್ಣತೆ 37 ಡಿಗ್ರಿ. ಎಂದರೆ ವಿಟಮಿನ್ ಸಿ ಇಲ್ಲದ ದೇಹದಲ್ಲಿ ಹೊಸ ಕೊಲಾಜೆನ್ ನಿಲ್ಲುವುದೇ ಇಲ್ಲ. ತಿಂಗಳುಗಟ್ಟಲೆ ಸಮುದ್ರದಲ್ಲಿದ್ದ ನಾವಿಕರ ಒಸಡಿನಲ್ಲಿ ರಕ್ತ ಒಸರಿ, ಎಂದೋ ಮಾಗಿದ ಗಾಯಗಳು ಮತ್ತೆ ಬಾಯಿ ಬಿಡುತ್ತಿದ್ದ ಸ್ಕರ್ವಿ ರೋಗದ ಒಳಗುಟ್ಟು ಇದೇ. ಆ ನಾವಿಕರಿಗೆ ಉಪ್ಪು ಹಾಕಿದ ಮಾಂಸ ಸಿಗುತ್ತಿತ್ತು. ಆದರೂ 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ನಡೆಸಿದ ಪರೀಕ್ಷೆಯಲ್ಲಿ ಬೇಗ ಚೇತರಿಸಿಕೊಂಡವರು ಕಿತ್ತಳೆ, ನಿಂಬೆ ತಿಂದವರು.

ಹಾಗಾದರೆ ಕಚ್ಚಾವಸ್ತುವಿನ ಮಾತು. ಗ್ಲೈಸಿನ್ ಅನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಕಡಲೆಕಾಯಿ, ಎಳ್ಳು, ಕುಂಬಳದ ಬೀಜ, ಸೋಯಾ, ಬೇಳೆಕಾಳುಗಳಿಂದಲೂ ಅದು ದೊರೆಯುತ್ತದೆ. ಪ್ರೋಲಿನ್ ವಿಷಯದಲ್ಲಂತೂ ನಮ್ಮ ಊಟ ಬಡವಾಗಿಲ್ಲ. ಹಾಲಿನ ಕೇಸಿನ್ ಪ್ರೋಟೀನಿನಲ್ಲಿ ಸರಿಸುಮಾರು ಹತ್ತನೆಯ ಒಂದು ಭಾಗ ಪ್ರೋಲಿನ್. ಗೋಧಿ, ಜೋಳ, ಮೆಕ್ಕೆಜೋಳಗಳ ಮುಖ್ಯ ಪ್ರೋಟೀನುಗಳಿಗೆ ‘ಪ್ರೋಲಮಿನ್’ ಎಂಬ ಹೆಸರು ಬಂದದ್ದೇ ಅವುಗಳಲ್ಲಿ ತುಂಬಿರುವ ಪ್ರೋಲಿನ್‌ನಿಂದ. ಧಾನ್ಯಗಳಲ್ಲಿ ಕೊರತೆಯಾಗುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಕಾಳುಗಳು ತುಂಬಿಕೊಡುತ್ತವೆ; ಜೋಳದ ರೊಟ್ಟಿಯ ಜೊತೆಗೆ ಮಡಕೆಕಾಳಿನ ಪಲ್ಯ, ಮುದ್ದೆಯ ಜೊತೆಗೆ ಹುರುಳಿ ಸಾರು ಎಂಬ ನಮ್ಮ ಜೋಡಿಗಳು ಈ ಲೆಕ್ಕಕ್ಕೆ ಸೊಗಸಾಗಿ ಹೊಂದುತ್ತವೆ. ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವಕ್ಕೆ ತಾಮ್ರ ಬೇಕು, ಅದು ಎಳ್ಳಿನಲ್ಲಿಯೂ ಗೋಡಂಬಿಯಲ್ಲಿಯೂ ಇದೆ. ವಿಟಮಿನ್ ಸಿ ಬೇಕೆಂದರೆ ನೆಲ್ಲಿಕಾಯಿ, ಸೀಬೆಹಣ್ಣು ಇವೆ; 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ವಿಟಮಿನ್ ಸಿ ಇರುತ್ತದೆ, ವಯಸ್ಕರಿಗೆ ದಿನಕ್ಕೆ ಬೇಕಾದದ್ದು 80 ಮಿಲಿಗ್ರಾಂ ಒಳಗೇ. ಕಾವಿಗೆ ಈ ವಿಟಮಿನ್ ನಾಶವಾಗುವುದರಿಂದ ನಿಂಬೆರಸವನ್ನು ಪಾತ್ರೆ ಕೆಳಗಿಳಿಸಿದ ಮೇಲೆಯೇ ಹಿಂಡಬೇಕು. ಕಾಳುಗಳಲ್ಲಿರುವ ಕಬ್ಬಿಣ ದೇಹಕ್ಕೆ ಹತ್ತುವುದಕ್ಕೂ ಅದು ನೆರವಾಗುತ್ತದೆ.

ನಿಜವಾದ ಕೊರತೆ ಇರುವುದು ಬೇರೆ ಕಡೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಆಯಿತು. ಎರಡು ಹೊತ್ತೂ ತಟ್ಟೆ ತುಂಬ ಅನ್ನಕ್ಕೆ ತಿಳಿಸಾರು ಕಲಸಿ ಉಣ್ಣುವ ನಮ್ಮ ಎಷ್ಟೋ ಮನೆಗಳ ಹಿರಿಯರು ಈ ಗುರಿಯನ್ನು ಮುಟ್ಟುವುದಿಲ್ಲ. ಅಂಥವರಿಗೆ ಡಬ್ಬಿಗಿಂತ ಮೊದಲು ಗಟ್ಟಿ ಬೇಳೆ, ಮೊಸರು, ಮೊಳಕೆಕಾಳು ಸಿಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಾಣಿಮೂಲದ ಪುಡಿಗೆ ಒಂದು ವಿಶೇಷ ಇದೆ ಎಂಬುದನ್ನೂ ಹೇಳಲೇಬೇಕು. ಅದು ಜೀರ್ಣವಾಗುವಾಗ ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಅಂಟಿಕೊಂಡೇ ಇರುವ ಜೋಡಿ ತುಣುಕುಗಳು ಸ್ವಲ್ಪ ಪ್ರಮಾಣದಲ್ಲಿ ಒಡೆಯದೆ ರಕ್ತವನ್ನು ಸೇರುತ್ತವೆ. ‘ಎಲ್ಲೋ ಕೊಲಾಜೆನ್ ಮುರಿದಿದೆ, ಹೊಸದನ್ನು ಕಟ್ಟಿ’ ಎಂಬ ಸೂಚನೆಯಾಗಿ ಜೀವಕೋಶಗಳು ಇದನ್ನು ಓದಿಕೊಳ್ಳಬಹುದು ಎಂಬುದು ಕೆಲವು ಸಂಶೋಧಕರ ಊಹೆ. ಅಮೈನೋ ಆಮ್ಲಗಳ ಮಿಶ್ರಣದಲ್ಲಿ ಈ ಜೋಡಿ ಇರುವುದಿಲ್ಲ, ಆದುದರಿಂದ ಪುಡಿಯ ಮೇಲೆ ನಡೆದ ಪ್ರಯೋಗಗಳ ಫಲವನ್ನು ‘ವೀಗನ್’ ಡಬ್ಬಿಯ ಜಾಹೀರಾತಿಗೆ ಬಳಸುವುದು ತಪ್ಪು. ಆದರೆ ಆ ಪ್ರಯೋಗಗಳೂ ಪ್ರಶ್ನಾತೀತವಲ್ಲ: ಚರ್ಮದ ಮೇಲಿನ 23 ಪ್ರಯೋಗಗಳನ್ನು ಒಟ್ಟುಗೂಡಿಸಿ 2025ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಕಂಪನಿಗಳ ಹಣವಿಲ್ಲದೆ ನಡೆದ ಪ್ರಯೋಗಗಳನ್ನಷ್ಟೇ ನೋಡಿದಾಗ ಗಣನೀಯ ಪ್ರಯೋಜನ ಕಾಣಲಿಲ್ಲ.

ಪ್ರಾಣಿಯನ್ನು ಮುಟ್ಟದೆ ನಿಜವಾದ ಕೊಲಾಜೆನ್ ತಯಾರಿಸುವ ದಾರಿಯೂ ಈಗ ತೆರೆದಿದೆ. ಇಸ್ರೇಲಿನ ಕಾಲ್‌ಪ್ಲಾಂಟ್ ಎಂಬ ಸಂಸ್ಥೆ ಮನುಷ್ಯನ ಐದು ವಂಶವಾಹಿಗಳನ್ನು ತಂಬಾಕಿನ ಗಿಡಕ್ಕೆ ಸೇರಿಸಿ, ಎಲೆಗಳಲ್ಲಿ ಮಾನವ ಕೊಲಾಜೆನ್ ಬೆಳೆಯುತ್ತಿದೆ. ಎಳೆಗಳ ವಂಶವಾಹಿ ಎರಡೇ ಸಾಕಾಗದೆ ಉಳಿದ ಮೂರು ಏಕೆ ಬೇಕಾದವು ಎಂದರೆ, ಎಳೆಗಳನ್ನು ಮಾರ್ಪಡಿಸುವ ಕಿಣ್ವಗಳನ್ನೂ ಗಿಡಕ್ಕೆ ಕೊಡಬೇಕಾಗುತ್ತದೆ. ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳಿಂದಲೂ ಇಂಥ ಕೊಲಾಜೆನ್ ತಯಾರಾಗುತ್ತಿದೆ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹೊಲಗಳನ್ನು ನೋಡುತ್ತ ಬೆಳೆದ ನನಗೆ, ಆ ಎಲೆಯಿಂದ ಗಾಯ ಮಾಗಿಸುವ ವಸ್ತುವೊಂದು ಬರಬಲ್ಲದು ಎಂಬುದು ತುಂಬ ಸಂತೋಷದ ಸಂಗತಿ.

ಕೀಲುಗಳಿಗೆ ಕೊಡುವ ಇತರ ಪೂರಕಗಳಲ್ಲಿ ಆಯ್ಕೆ ಸುಲಭ. ಗ್ಲೂಕೋಸಮಿನ್ ಸಾಮಾನ್ಯವಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ಬರುತ್ತದೆ, ಶಿಲೀಂಧ್ರದಿಂದ ತಯಾರಿಸಿದ್ದೂ ಉಂಟು. ಹಿಂದೆ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದ ಹಯಲುರಾನಿಕ್ ಆಮ್ಲವನ್ನು ಈಗ ಹೆಚ್ಚಾಗಿ ಬ್ಯಾಕ್ಟೀರಿಯಾಗಳ ಹುದುಗಿನಿಂದ ಪಡೆಯುತ್ತಾರೆ. ಒಳಗಿನ ಔಷಧಿ ಸಸ್ಯಮೂಲದ್ದಾಗಿದ್ದರೂ ಕ್ಯಾಪ್ಸೂಲಿನ ಕವಚ ಜೆಲಟಿನ್ನಿನದಾಗಿರಬಹುದು. ಸೆಲ್ಯುಲೋಸ್‌ನಿಂದ ಮಾಡಿದ ಕವಚ ಕೇಳಿ ಪಡೆಯಬೇಕು.

ಅತ್ತಿಗೆಗೆ ನಾನು ಹೇಳಿದ್ದಿಷ್ಟು: ಡಬ್ಬಿಯಲ್ಲಿರುವುದು ಕೊಲಾಜೆನ್ ಕಟ್ಟಲು ಬೇಕಾದ ಇಟ್ಟಿಗೆ, ಗಾರೆ, ಹೆಸರು ಮಾತ್ರ ಕಟ್ಟಿದ ಗೋಡೆಯದು. ಹಾಗೆ ಹೆಸರಿಡುವುದು ಸರಿಯಲ್ಲ. ಅದರಲ್ಲಿರುವ ಬಯೋಟಿನ್ ಪ್ರಮಾಣ ಹೆಚ್ಚಿದ್ದರೆ ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶ ತಪ್ಪಾಗಿ ಬರಬಹುದು, ಆದುದರಿಂದ ಪರೀಕ್ಷೆಗೆ ಮೊದಲು ವೈದ್ಯರಿಗೆ ತಿಳಿಸಲೇಬೇಕು. ಅವರು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಮಂಡಿಯನ್ನು ಮೂಳೆ ವೈದ್ಯರಿಗೆ ತೋರಿಸಲು ಸೋಮವಾರಕ್ಕೆ ಸಮಯ ಗೊತ್ತುಮಾಡಿಕೊಂಡರು.