ಪಾತಿಯಲ್ಲಿ ತಾನಾಗಿ ಹುಟ್ಟಿದ ಸೊಪ್ಪು ತಿನ್ನಬಹುದಾ?

ಪ್ರಶ್ನೆ: ಚಳಿ ಮುಗಿದ ಮೇಲೆ ಪಾತಿ ಅಗೆದು ತರಕಾರಿ ಬೀಜ ಹಾಕಿದೆ. ಹಾಕಿದ ಬೀಜಕ್ಕಿಂತ ಹಾಕದ ಗಿಡಗಳೇ ಜಾಸ್ತಿ ಹುಟ್ಟಿವೆ. ಅದರಲ್ಲಿ ಕೆಲವು ತಿನ್ನುವ ಸೊಪ್ಪು ಅಂತ ಊರಿನ ಹಿರಿಯರು ಹೇಳುತ್ತಾರೆ. ಯಾವುದನ್ನು ತಿನ್ನಬಹುದು, ಯಾವುದನ್ನು ಬಿಡಬೇಕು ಅಂತ ಗೊತ್ತು ಮಾಡಿಕೊಳ್ಳುವುದು ಹೇಗೆ?

ಉತ್ತರ: ಮೊದಲು ಒಂದು ಸಮಾಧಾನ. ಆ ಗಿಡಗಳನ್ನು ಎಬ್ಬಿಸಿದ್ದು ನೀವೇ. ಕಳೆಬೀಜಗಳು ಮಣ್ಣಿನ ಅಡಿಯಲ್ಲಿ ವರ್ಷಗಟ್ಟಲೆ ಸುಮ್ನೆ ಮಲಗಿರುತ್ತವೆ. ಗುದ್ದಲಿ ಬಿದ್ದು ಮಣ್ಣು ಮೇಲೆ ಕೆಳಗೆ ಆದಾಗ ಅವಕ್ಕೆ ಕ್ಷಣಮಾತ್ರ ಬೆಳಕು ತಾಗಿದರೂ ಸಾಕು, ಎಷ್ಟೋ ಬೀಜಗಳು ಏಳುತ್ತವೆ. ಎಷ್ಟು ಕಾಲ ಕಾಯಬಲ್ಲವು ಅಂತೀರಾ? 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 20 ಬಾಟಲಿಗಳಲ್ಲಿ ಮರಳು, ಕಳೆಬೀಜ ತುಂಬಿ ಹೂತಿಟ್ಟರು. ಅದರಲ್ಲಿ ಒಂದನ್ನು 2021ರಲ್ಲಿ ಹೊರತೆಗೆದಾಗಲೂ ಕೆಲವು ಬೀಜ ಮೊಳೆತವು. ಹಾಗಾಗಿ ಕಳೆಯನ್ನು ಪೂರ್ತಿ ಇಲ್ಲವಾಗಿಸುವ ಆಸೆ ಬಿಡಿ. ಅದರಲ್ಲಿ ಒಂದೆರಡನ್ನು ಅಡುಗೆಮನೆಗೆ ತರುವುದೇ ಜಾಣತನ.

ಒಂದೆರಡನ್ನು ಅಂದೆ. ಬುಟ್ಟಿ ಹಿಡಿದು ಹತ್ತು ಬಗೆಯ ಸೊಪ್ಪು ಹುಡುಕಲು ಹೊರಡಬೇಡಿ. ಈ ವರ್ಷ ಎರಡೇ ಗಿಡ ಕಲಿಯಿರಿ. ಕಲಿಯುವಾಗ ಒಂದು ಗಿಡದ ಜೊತೆಗೆ ಅದನ್ನೇ ಹೋಲುವ ಕೆಟ್ಟ ಗಿಡವನ್ನೂ ಕಲಿಯಿರಿ. ಒಳ್ಳೆಯದು ಹೇಗಿರುತ್ತೆ ಅಂತ ಮಾತ್ರ ಗೊತ್ತಿದ್ದರೆ ಅದು ಅರ್ಧ ಜ್ಞಾನ. ಸೊಪ್ಪಿನ ವಿಷಯದಲ್ಲಿ ಅರ್ಧ ಜ್ಞಾನ ಆಸ್ಪತ್ರೆಗೆ ಕಳಿಸಬಹುದು.

ಶುರು ಮಾಡಲು ನನ್ನ ಆಯ್ಕೆ ಗೋಣಿ ಸೊಪ್ಪು. ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಎಲೆ ದಪ್ಪ, ನುಣುಪು, ಚಿಕ್ಕ ಚಮಚದ ಆಕಾರ. ದಂಟು ರಸ ತುಂಬಿದಂತೆ ದುಂಡಗೆ, ಸಾಮಾನ್ಯವಾಗಿ ಕೆಂಪು ಛಾಯೆ. ಹೂವು ಪುಟ್ಟದು, ಹಳದಿ. ಕಾಯಿ ಒಣಗಿದಾಗ ಡಬ್ಬಿಯ ಮುಚ್ಚಳ ತೆಗೆದ ಹಾಗೆ ಮೇಲಿನ ಭಾಗ ಕಳಚಿ, ಒಳಗಿನ ಕರಿಬೀಜ ಉದುರುತ್ತದೆ. ಪಕ್ಕದಲ್ಲೇ, ಅದೇ ಥರ ನೆಲಕ್ಕೆ ಹರಡಿಕೊಂಡು, ದಂಟಿನಿಂದ ಬಿಳಿ ಹಾಲು ಒಸರುವ ಇನ್ನೊಂದು ಜಾತಿಯ ಕಳೆ ಬೆಳೆಯುತ್ತದೆ. ಅದು ತಿನ್ನುವಂಥದ್ದಲ್ಲ. ಹಾಲು ಚರ್ಮಕ್ಕೂ ಉರಿ. ಎಲೆ ತೆಳು, ದಂಟು ದಾರದಂತೆ. ನೋಟದಲ್ಲಿ ಅನುಮಾನ ಬಂದರೆ ದಂಟು ಮುರಿದು ನೋಡಿ. ನೀರಿನಂಥ ತಿಳಿರಸ ಬಂದರೆ ಉಳಿದ ಗುರುತುಗಳನ್ನೂ ನೋಡಿ. ಹಾಲು ಬಂದರೆ ಅಲ್ಲಿಗೇ ಬಿಡಿ.

ಈ ಸೊಪ್ಪಿನದೊಂದು ಸ್ವಾರಸ್ಯ ಇದೆ. ಬೆಳಗ್ಗೆ ಕಿತ್ತರೆ ಹುಳಿ ಜಾಸ್ತಿ, ಸಂಜೆ ಕಿತ್ತರೆ ಕಡಿಮೆ. ನೀರಿನ ಕೊರತೆ ಇದ್ದಾಗ ಗಿಡ ಹಗಲಿನ ಬಿಸಿಲಲ್ಲಿ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಅದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಹುಳಿ ಸೇಬಿನಲ್ಲಿ ಇರುವುದೂ ಅದೇ ಆಮ್ಲ. ಹಗಲು ಅದು ಖರ್ಚಾಗುತ್ತದೆ. ನನಗೆ ಬೆಳಗಿನ ಹುಳಿಯೇ ಇಷ್ಟ.

ಎರಡನೆಯದು ಚಕ್ಕೋತ ಸೊಪ್ಪು. ಎಳೆ ಕುಡಿಯ ಮೇಲೆ, ಎಲೆಯ ಅಡಿಯಲ್ಲಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ ಇರುತ್ತದೆ. ಬೆರಳಿಗೆ ಹತ್ತುತ್ತದೆ, ಮೇಲೆ ಹಾಕಿದ ನೀರು ಮಣಿಯಾಗಿ ಜಾರುತ್ತದೆ. ಎಳೆಯದರಲ್ಲಿ ದತ್ತೂರಿಯ ಸಸಿ ಇದರ ನಡುವೆ ಸೇರಿಕೊಂಡರೆ ಕಷ್ಟ, ಯಾಕೆಂದರೆ ಅದರ ಎಲೆಯ ಅಂಚೂ ಹಲ್ಲುಹಲ್ಲಾಗಿರಬಹುದು. ಆದರೆ ಅದಕ್ಕೆ ಹಿಟ್ಟಿನ ಪುಡಿ ಇಲ್ಲ, ಉಜ್ಜಿದರೆ ಕೆಟ್ಟ ವಾಸನೆ. ಅದಕ್ಕೇ ಹಿಡಿಹಿಡಿಯಾಗಿ ಕೀಳಬಾರದು. ಒಂದೊಂದೇ ಕುಡಿ ನೋಡಿ ಚಿವುಟಬೇಕು.

ಹಿರಿಯರನ್ನು ಕೇಳಿ, ಖಂಡಿತ. ಆದರೆ ಹೆಸರು ಕೇಳಿಕೊಂಡು ಬರಬೇಡಿ. ಒಂದೇ ಹೆಸರು ಒಂದೊಂದು ಕಡೆ ಒಂದೊಂದು ಗಿಡಕ್ಕೆ ಇರುತ್ತದೆ. ಗಿಡದ ಮುಂದೆ ಕರೆದುಕೊಂಡು ಹೋಗಿ ತೋರಿಸಲು ಹೇಳಿ. ಮೊಬೈಲ್ ಆ್ಯಪ್ ಹೇಳಿದ್ದನ್ನು ಸುಳಿವು ಅಂತ ಇಟ್ಟುಕೊಳ್ಳಿ, ತೀರ್ಪು ಅಂತ ಅಲ್ಲ.

ಇನ್ನು, ಪ್ರಾಣಿ ತಿಂದರೆ ನಾವೂ ತಿನ್ನಬಹುದು ಅನ್ನುವ ಮಾತು. ಸುಳ್ಳು. ಮನುಷ್ಯನ ಜೀವ ತೆಗೆಯುವ ಬೆಲ್ಲಡೋನ ಎಂಬ ಗಿಡದ ಎಲೆಯನ್ನು ಎಷ್ಟೋ ಮೊಲಗಳು ತಿಂದು ಆರಾಮಾಗಿರುತ್ತವೆ. ಬೇಯಿಸಿದರೆ ವಿಷ ಹೋಗುತ್ತೆ ಅನ್ನುವುದೂ ನಂಬುವ ಮಾತಲ್ಲ. ಡೆತ್ ಕ್ಯಾಪ್ ಎಂಬ ಅಣಬೆಯ ವಿಷ ಕುದಿಸಿದರೂ ಹಾಗೇ ಇರುತ್ತದೆ. ತಿಂದವರಿಗೆ ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಏನೂ ಆಗದ ಹಾಗೆ ಇದ್ದು, ಆಮೇಲೆ ಯಕೃತ್ತು ಕೆಡುತ್ತದೆ. ಅಣಬೆ, ಮತ್ತೆ ಕ್ಯಾರೆಟ್-ಕೊತ್ತಂಬರಿಯಂತೆ ಕಾಣುವ ಕಾಡುಗಿಡಗಳು, ಇವೆರಡನ್ನೂ ಹೊಸಬರು ಮುಟ್ಟಲೇಬಾರದು. ಗ್ರೀಕ್ ತತ್ವಜ್ಞಾನಿ ಸಾಕ್ರೆಟಿಸ್‌ಗೆ ಕುಡಿಸಿ ಕೊಂದ ಹೆಮ್ಲಾಕ್ ಎಂಬ ವಿಷದ ಗಿಡ ಕ್ಯಾರೆಟ್ ಕುಟುಂಬದ್ದೇ.

ಗಿಡ ಸರಿಯಾದರೂ ಜಾಗ ಸರಿ ಇರಬೇಕು. ದೊಡ್ಡ ರಸ್ತೆಯ ಅಂಚು, ಚರಂಡಿ, ಔಷಧಿ ಹೊಡೆದ ಹೊಲದ ಬದು ಬೇಡ. ಸೀಸ ಬೆರೆಸಿದ ಪೆಟ್ರೋಲ್ ಜಗತ್ತಿನಲ್ಲಿ ಪೂರ್ತಿ ನಿಂತದ್ದು 2021ರಲ್ಲಿ. ಅದರ ಹೊಗೆಯಿಂದ ರಸ್ತೆಬದಿಯ ಮಣ್ಣಿಗೆ ಸೇರಿದ ಸೀಸ ಅಷ್ಟು ಬೇಗ ಹೋಗುವುದಿಲ್ಲ. ನಿಮ್ಮದೇ ಪಾತಿ ಎಲ್ಲಕ್ಕಿಂತ ಒಳ್ಳೆಯದು, ಅದಕ್ಕೆ ಏನು ಹಾಕಿದ್ದೀರಿ ಅಂತ ನಿಮಗೆ ಗೊತ್ತಲ್ವಾ? ರಸಗೊಬ್ಬರ ಮಾತ್ರ ಜಾಸ್ತಿ ಸುರಿದಿದ್ದರೆ ಚಕ್ಕೋತ ಬೇಡ, ಅದು ಗೊಬ್ಬರದ ನೈಟ್ರೇಟ್ ಎಂಬ ಲವಣವನ್ನು ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ.

ಎರಡೂ ಸೊಪ್ಪಿನಲ್ಲಿ ಪಾಲಕ್‌ನಲ್ಲಿ ಇರುವಂತೆಯೇ ಆಕ್ಸಲೇಟ್ ಎಂಬ, ಕಿಡ್ನಿ ಕಲ್ಲಿಗೆ ಕಾರಣವಾಗಬಲ್ಲ ವಸ್ತು ಇದೆ. ಕುದಿಸಿ ನೀರು ಚೆಲ್ಲಿದರೆ ಕಡಿಮೆಯಾಗುತ್ತದೆ. ಕಿಡ್ನಿ ಕಲ್ಲಿನ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ತಿನ್ನಿ. ಮೊದಲ ಸಲ ಯಾರೇ ಆಗಲಿ ಸ್ವಲ್ಪ ಮಾತ್ರ ತಿನ್ನಿ.

ಪಾತಿಯ ಒಂದು ಮೂಲೆಯಲ್ಲಿ ಎರಡೂ ಜಾತಿಯ ಒಂದೊಂದು ಗಿಡವನ್ನು ಕೀಳದೆ ಬಿಡಿ, ಪಕ್ಕದಲ್ಲಿ ಕಡ್ಡಿ ನೆಡಿ. ಮೊಳಕೆಯಿಂದ ಹೂವಿನ ತನಕ ನೋಡಿದರೆ ಮುಂದಿನ ವರ್ಷ ಎರಡೆಲೆಯಲ್ಲೇ ಗುರುತು ಸಿಗುತ್ತದೆ. ಗೋಣಿ ಸೊಪ್ಪನ್ನು ಮಾತ್ರ ಕಾಯಿ ಒಣಗುವ ಮೊದಲೇ ತೆಗೆಯಿರಿ, ಒಂದೇ ಗಿಡ ಲಕ್ಷ ಬೀಜ ಉದುರಿಸಬಲ್ಲದು. ಕಿತ್ತದ್ದನ್ನು ಪಾತಿಯಲ್ಲೇ ಎಸೆಯಬೇಡಿ. ದಂಟಿನ ತುಂಡು ಮತ್ತೆ ಬೇರು ಬಿಟ್ಟುಕೊಂಡು ಕೂರುತ್ತದೆ.