32 ಲಕ್ಷ ವರ್ಷ ಅಂತ ಎಣಿಸಿದವರು ಯಾರು?

ಪ್ರಶ್ನೆ: ಇಥಿಯೋಪಿಯಾದಲ್ಲಿ ಸಿಕ್ಕ, ಮನುಷ್ಯನ ಪೂರ್ವಜರ ಬಳಗದ ‘ಲೂಸಿ’ಯ ಮೂಳೆಗಳು ಸುಮಾರು 32 ಲಕ್ಷ ವರ್ಷ ಹಳೆಯವು ಅಂತಾರೆ. ಅದು ಹೇಗೆ ಗೊತ್ತಾಗುತ್ತೆ? ಕಾರ್ಬನ್ ಡೇಟಿಂಗ್ ಮಾಡ್ತಾರಾ?

ಇಲ್ಲ, ಇಲ್ಲಿ ಕಾರ್ಬನ್ ಕೆಲಸಕ್ಕೆ ಬರುವುದಿಲ್ಲ. ಕಾರ್ಬನ್-14 ಅನ್ನುವ ವಿಕಿರಣಶೀಲ ಕಾರ್ಬನ್ ಪ್ರತಿ 5,730 ವರ್ಷಕ್ಕೆ ಅರ್ಧ ಸವೆಯುತ್ತದೆ. 50 ಸಾವಿರ ವರ್ಷ ದಾಟಿದ ಮೇಲೆ ಅಳೆಯೋಣ ಅಂದರೂ ಹೆಚ್ಚೇನೂ ಉಳಿದಿರುವುದಿಲ್ಲ. ಸಾಲದ್ದಕ್ಕೆ, ಖನಿಜಗಳು ಇಳಿದು ಲೂಸಿಯ ಮೂಳೆ ಕಲ್ಲಾಗಿದೆ. ಹಾಗಾಗಿ ವಯಸ್ಸನ್ನು ಮೂಳೆಯ ಹತ್ತಿರ ಕೇಳುವುದಿಲ್ಲ, ಅದು ಹೂತಿದ್ದ ನೆಲದ ಹತ್ತಿರ ಕೇಳುತ್ತಾರೆ.

ಮನೆಯ ಹಳೇ ಪೇಪರ್ ರಾಶಿಯೊಳಗೆ ತಾರೀಕಿಲ್ಲದ ಒಂದು ಚೀಟಿ ಸಿಕ್ಕಿತು ಅನ್ನಿ. ಅದರ ಕೆಳಗೆ ಸೋಮವಾರದ ಪೇಪರ್, ಮೇಲೆ ಗುರುವಾರದ್ದು. ಚೀಟಿ ಅಲ್ಲಿಗೆ ಯಾವಾಗ ಸೇರಿತು ಅಂತ ಹೇಳಬಹುದು, ಅಲ್ವಾ? ನಡುವೆ ಯಾರೂ ರಾಶಿ ಕೆದಕಿರಬಾರದು, ಅಷ್ಟೇ. ಪೂರ್ವ ಆಫ್ರಿಕಾದಲ್ಲಿ ತಾರೀಕಿರುವ ಪೇಪರ್ ಅಂದರೆ ಜ್ವಾಲಾಮುಖಿಯ ಬೂದಿ. ಕೆರೆ, ಹೊಳೆಗಳ ಹೂಳಿನ ನಡುನಡುವೆ ಅದು ಪದರವಾಗಿ ಕೂತಿರುತ್ತದೆ.

ಬೂದಿಯಲ್ಲಿ ಮರಳಿನ ಕಾಳಿನಷ್ಟು ಸಣ್ಣ ಹರಳುಗಳಿರುತ್ತವೆ. ಅವುಗಳಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದರ ಒಂದು ಬಗೆಯಾದ ಪೊಟ್ಯಾಸಿಯಂ-40 ಬಹಳ ನಿಧಾನವಾಗಿ ಸವೆಯುತ್ತ, ಅದರಲ್ಲೊಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಅರ್ಧ ಸವೆಯಲು ಸುಮಾರು 125 ಕೋಟಿ ವರ್ಷ ಬೇಕು. ಕಲ್ಲು ಕರಗಿ ಕುದಿಯುವಾಗ ಒಳಗಿದ್ದ ಆರ್ಗಾನ್ ಹಾರಿಹೋಗುತ್ತದೆ. ಹರಳು ತಣ್ಣಗಾದ ಗಳಿಗೆಯಿಂದ ಗಡಿಯಾರ ಸೊನ್ನೆಯಿಂದ ಶುರು. ಈಗ ಲ್ಯಾಬಿನಲ್ಲಿ ಒಂದೇ ಒಂದು ಹರಳನ್ನು ಲೇಸರ್‌ನಿಂದ ಕರಗಿಸಿ, ಹೊರಬಂದ ಚೂರು ಅನಿಲವನ್ನು ಅಳೆದು ವಯಸ್ಸು ಹೇಳುತ್ತಾರೆ.

1974ರ ನವೆಂಬರ್ 24ರಂದು ಇಥಿಯೋಪಿಯಾದ ಹದಾರ್‌ನಲ್ಲಿ ವಿಜ್ಞಾನಿ ಡೊನಾಲ್ಡ್ ಜೊಹಾನ್ಸನ್ ಕಣ್ಣಿಗೆ ಬಿದ್ದದ್ದು ಲೂಸಿಯ ಮೊಣಕೈಯ ಒಂದು ತುಂಡು. ಆಮೇಲೆ ಮಣ್ಣು ಜರಡಿ ಹಿಡಿದು, ಸುಮಾರು 40 ಶೇಕಡಾ ಅಸ್ಥಿಪಂಜರ ಕೂಡಿಸಿದರು. ಆ ಜಾಗದ ಸ್ವಲ್ಪ ಕೆಳಗಿನ ಬೂದಿ ಪದರಕ್ಕೆ ಬಂದ ವಯಸ್ಸು 31.8 ಲಕ್ಷ ವರ್ಷ. ಲೂಸಿ ಅದಕ್ಕಿಂತ ತುಸು ಚಿಕ್ಕವಳು.

ಲ್ಯಾಬ್ ತಪ್ಪುವುದೇ ಇಲ್ವಾ ಅಂದರೆ, ತಪ್ಪಿದೆ. ಅದನ್ನು ತೋರಿಸಿಕೊಟ್ಟದ್ದು ಹಂದಿಗಳು! ಕೀನ್ಯಾದ ತುರ್ಕಾನಾ ಸರೋವರದ ದಡದ ಒಂದು ಬೂದಿ ಪದರಕ್ಕೆ ಮೊದಲು 26 ಲಕ್ಷ ವರ್ಷ ಅಂದರು. 1972ರಲ್ಲಿ ಅದರ ಕೆಳಗೆ ಆದಿಮಾನವನ ಒಂದು ತಲೆಬುರುಡೆಯೂ ಸಿಕ್ಕಿತು. ಆದರೆ ಅಲ್ಲಿನ ಕಾಡುಹಂದಿಗಳ ಹಲ್ಲು ಲೆಕ್ಕಕ್ಕೆ ಕೂರಲಿಲ್ಲ. ಕಾಲ ಕಳೆದಂತೆ ಆ ಹಂದಿಗಳ ಕೊನೆಯ ದವಡೆಹಲ್ಲು ಉದ್ದವಾಗುತ್ತ ಹೋಗಿದೆ. ಇಥಿಯೋಪಿಯಾದ ಓಮೋದಲ್ಲಿ ಅಂಥದ್ದೇ ಹಲ್ಲು ಸಿಗುವುದು ಸುಮಾರು 20 ಲಕ್ಷ ವರ್ಷದ ಪದರದಲ್ಲಿ. ವರ್ಷಗಟ್ಟಲೆ ಜಗಳ ನಡೆಯಿತು. ಕೊನೆಗೆ ನೋಡಿದರೆ ಬೂದಿಗೆ ಹಳೇ ಹರಳುಗಳು ಬೆರೆತುಹೋಗಿದ್ದವು. ಈಗ ಆ ಪದರಕ್ಕೆ ಸುಮಾರು 19 ಲಕ್ಷ ವರ್ಷ ಅಂತ ಒಪ್ಪಿದ್ದಾರೆ. ನನಗಂತೂ ಮಷೀನಿಗಿಂತ ಆ ಹಂದಿ ಹಲ್ಲು ನೋಡಿದವರ ಮೇಲೇ ಜಾಸ್ತಿ ಗೌರವ.

ಇದೇ ಬೂದಿಯ ಉಪಾಯ ನಮ್ಮ ಪಕ್ಕದಲ್ಲೂ ನಡೆದಿದೆ. ಸುಮಾತ್ರಾದ ಟೋಬಾ ಜ್ವಾಲಾಮುಖಿ ಸುಮಾರು 74 ಸಾವಿರ ವರ್ಷಗಳ ಹಿಂದೆ ಸಿಡಿದಾಗ ಅದರ ಬೂದಿ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂವರೆಗೂ ಬಂದು ಬಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಪುರಾತತ್ವಜ್ಞ ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಅಲ್ಲಿ ಅಗೆದಾಗ ಬೂದಿಯ ಕೆಳಗೂ ಕಲ್ಲಿನ ಆಯುಧ, ಮೇಲೂ ಹೆಚ್ಚುಕಡಿಮೆ ಅಂಥವೇ ಆಯುಧ. ಅಂದರೆ ಅಷ್ಟು ಬೂದಿ ಸುರಿದರೂ ಜನ ಪೂರ್ತಿ ನಾಶವಾಗಲಿಲ್ಲ ಅನ್ನುವುದು ಅವರ ವಾದ. ಆದರೆ ಆ ಆಯುಧಗಳ ಜೊತೆ ಮನುಷ್ಯನ ಮೂಳೆ ಸಿಕ್ಕಿಲ್ಲ. ಅವುಗಳನ್ನು ಮಾಡಿದವರು ನಮ್ಮದೇ ಪ್ರಭೇದದ ಮನುಷ್ಯರೋ, ಇನ್ಯಾರೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ.